ಪಡುಬಿದ್ರಿ ಜಂಕ್ಷನ್ನಿನಿಂದ ಕಂಡ ವಿಶ್ವವಿದ್ಯಾನಿಲಯಗಳು

1996ರ ಜೂನ್ 1ರಂದು ಮೈಸೂರಿನಲ್ಲಿ ನಿಜಕ್ಕೂ ಏನಾಯಿತು ಎಂಬುದು ನನಗೆ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಕಾಗದದ ಮೇಲೆ ಆದದ್ದು ಸರಳ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣಕ್ಕೆಂದು ಒಂದು ಸಂಸ್ಥೆ ತೆರೆದಿತ್ತು. 1992ರಲ್ಲಿ ವಿಧಾನಮಂಡಲ ಒಂದು ಕಾಯಿದೆ ಮಾಡಿತು. ಆ ಕಾಯಿದೆ ನಾಲ್ಕು ವರ್ಷ ಮಲಗಿತ್ತು. ಎದ್ದ ದಿನ ಅಂಚೆ ಶಿಕ್ಷಣದ ಸಂಸ್ಥೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಗಿಬಿಟ್ಟಿತು. ಪತ್ರಿಕೆಯವರು ಅದನ್ನು ಚುಟುಕಾಗಿಸಿ ಕರಾಮುವಿ ಎಂದರು. ಮೇ 31ರ ಸಂಜೆ ಕಪಾಟಿಗೆ ಬೀಗ ಹಾಕಿ ಹೋದ ಗುಮಾಸ್ತರು ಮರುದಿನ ಅದೇ ಬೀಗ ತೆಗೆದು, ಅದೇ ಅರ್ಜಿಗಳ ರಾಶಿಯ ಮುಂದೆ ಕುಳಿತಿರಬೇಕು. ಕುಲಸಚಿವ, ಕುಲಪತಿ ಎಂಬ ಹೊಸ ಕುರ್ಚಿಗಳು ಬಂದವು. ಅಂಚೆಯವನು ಮಾತ್ರ ಹಳಬನೇ.

ಅಲ್ಲಿಂದ ಮುನ್ನೂರು ಕಿಲೋಮೀಟರಿನಷ್ಟು ದೂರ ಕರಾವಳಿಯ ಪಡುಬಿದ್ರಿಯಲ್ಲಿ ಕುಳಿತವನಿಗೆ ಇದರ ಉಸಾಬರಿ ಯಾಕೆ ಎಂದು ಕೇಳಬಹುದು. ಈ ಜಂಕ್ಷನ್ನಿನಲ್ಲಿ ನಿಂತರೆ ಯಾವ ದಿಕ್ಕಿಗೆ ಹೋಗುವ ಬಸ್ಸಾದರೂ ಹೆಸರು ಬದಲಿಸಿಕೊಂಡ ಒಂದು ಕಾಲೇಜಿನ ಮುಂದೆ ಹಾಯ್ದೇ ಹೋಗುತ್ತದೆ. ಹೀಗಾಗಿ ನೋಡಿದ್ದನ್ನು, ಓದಿದ್ದನ್ನು ಬರೆದಿಟ್ಟುಕೊಳ್ಳುವ ಚಟ ಹತ್ತಿತು.

*

ನಮ್ಮ ಪೇಟೆಯ ಅಕ್ಕ-ತಂಗಿ ಇಬ್ಬರ ಸಂಗತಿ. ಅಕ್ಕ ಬಿ.ಎ. ಮುಗಿಸಿದ್ದು ತೊಂಬತ್ತರ ದಶಕದ ಮೊದಲಲ್ಲಿ, ತಂಗಿ ಅದೇ ದಶಕದ ಕೊನೆಯಲ್ಲಿ. ಇಬ್ಬರೂ ಕಾಲೇಜಿನ ಬೆಂಚು ಕಂಡವರಲ್ಲ. ಮನೆಯಲ್ಲೇ ಬೀಡಿ ಕಟ್ಟುತ್ತ, ಅಂಚೆಯಲ್ಲಿ ಬಂದ ಪಾಠ ಓದಿ ಪರೀಕ್ಷೆಗೆ ಕಟ್ಟಿದವರು. ಅಕ್ಕನ ಸರ್ಟಿಫಿಕೇಟಿನಲ್ಲಿ 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಹೆಸರು. ತಂಗಿಯದರಲ್ಲಿ ಮುಕ್ತ ವಿಶ್ವವಿದ್ಯಾನಿಲಯದ ಹೆಸರು. ಅಕ್ಕನಿಗೆ ಕೆಲಸದ ಸಂದರ್ಶನದಲ್ಲಿ ಯಾರೂ ಏನೂ ಕೇಳಲಿಲ್ಲವಂತೆ. ತಂಗಿಗೆ ಮೊದಲ ಪ್ರಶ್ನೆಯೇ "ಇದು ರೆಗ್ಯುಲರಾ?" ಎಂದು.

ಓದಿದ ರೀತಿ ಒಂದೇ. ಮೇಜಿನ ಆಚೆ ಕುಳಿತವರ ಕಣ್ಣು ಮಾತ್ರ ಬೇರೆಯಾಯಿತು. ಬಡ್ತಿ ಪಡೆದದ್ದು ಸಂಸ್ಥೆ. ಅದರ ಕಂದಾಯ ಕಟ್ಟಿದ್ದು ತಂಗಿ. ನನ್ನ ಗೊಂದಲವೆಲ್ಲ ಇಲ್ಲಿಂದ ಶುರು.

*

ಬೇರೆಯವರು ಏನು ಮಾಡಿದರು ಎಂದು ನೋಡಿದೆ. ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿಗೆ ರಾಜಸನದು ಸಿಕ್ಕಿದ್ದೂ 1969ರಲ್ಲೇ, ಮೈಸೂರಿನಲ್ಲಿ ಅಂಚೆ ಪಾಠ ಆರಂಭವಾದ ವರ್ಷ. ಹ್ಯಾರಲ್ಡ್ ವಿಲ್ಸನ್ ಮೊದಲು ಅದನ್ನು ರೇಡಿಯೋ, ಟಿ.ವಿ.ಗಳಲ್ಲಿ ನಡೆಯುವ ಆಕಾಶಮಾರ್ಗದ ವಿ.ವಿ. ಎಂದು ಕಲ್ಪಿಸಿಕೊಂಡಿದ್ದರು. ಇದ್ದ ಯಾವುದಕ್ಕೂ ಬಣ್ಣ ಬಳಿಯದೆ ಅವರು ಹೊಸದನ್ನೇ ಕಟ್ಟಿದರು. ಸೇರುವವನು ಹಿಂದೆ ಏನು ಪಾಸು ಮಾಡಿದ್ದಾನೆ ಎಂದು ಕೇಳುವುದನ್ನೇ ಬಿಟ್ಟರು.

ನಮ್ಮ ದೇಶದ ಮೊದಲ ಮುಕ್ತ ವಿ.ವಿ. ಹೈದರಾಬಾದಿನದು, 1982ರಲ್ಲಿ. ಹೆಸರು ಆಂಧ್ರಪ್ರದೇಶ ಮುಕ್ತ ವಿ.ವಿ.; 1991ರಲ್ಲಿ ಅಂಬೇಡ್ಕರರ ಹೆಸರು ಪಡೆಯಿತು. 1985ರಲ್ಲಿ ಇಗ್ನೋ ಬಂತು. ಇವೂ ಹೊಸ ಕಟ್ಟಡಗಳೇ.

ನನ್ನ ಕುತೂಹಲ ಹೆಚ್ಚಿಸಿದ್ದು ದಿಲ್ಲಿ. ಅಲ್ಲಿನ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆ ಶಿಕ್ಷಣದ ಶಾಲೆ ತೆರೆಯಿತು. ಭಾರತದಲ್ಲಿ ಮೊದಲನೆಯದು ಅದೇ. 2004ರಲ್ಲಿ ಅದು ಹೆಸರಿಗೆ ಓಪನ್ ಎಂಬುದನ್ನು ಸೇರಿಸಿಕೊಂಡು ಸ್ಕೂಲ್ ಆಫ್ ಓಪನ್ ಲರ್ನಿಂಗ್ ಆಯಿತು. ಆದರೆ ಮನೆ ಬಿಟ್ಟು ಹೋಗಲಿಲ್ಲ. ಅಲ್ಲಿ ಓದಿದ ಹುಡುಗನ ಕೈಗೆ ಇಂದಿಗೂ ದಿಲ್ಲಿ ವಿಶ್ವವಿದ್ಯಾನಿಲಯದ ಪದವಿಯೇ ಬರುತ್ತದೆ. ಕರ್ನಾಟಕವೂ ಹಾಗೆ ಮಾಡಬಹುದಿತ್ತಲ್ಲ? ಮೈಸೂರಿನ ಹೆಸರು ಉಳಿಸಿಕೊಂಡು ಬಾಗಿಲನ್ನಷ್ಟೇ ಅಗಲ ಮಾಡಬಹುದಿತ್ತು.

ಹಾಗೆ ಮಾಡದ್ದಕ್ಕೆ ಕಾರಣವೂ ಉಂಟು. ಒಂದು ದೊಡ್ಡ ವಿ.ವಿ.ಯೊಳಗೆ ಅಂಚೆ ವಿಭಾಗ ಯಾವತ್ತೂ ಹಿತ್ತಲ ಕೋಣೆ. ಪಠ್ಯಕ್ರಮ ತರಗತಿಯವರದ್ದು, ಪರೀಕ್ಷೆಯ ದಿನಾಂಕ ತರಗತಿಯವರ ಅನುಕೂಲಕ್ಕೆ, ಶುಲ್ಕದ ಹಣ ಮಾತ್ರ ಅಂಚೆ ವಿದ್ಯಾರ್ಥಿಗಳದ್ದು. ಸ್ವಂತ ಕಾಯಿದೆ ಬಂದ ಮೇಲೆ ಪಠ್ಯವನ್ನು ಒಬ್ಬನೇ ಕೂತು ಓದುವವನಿಗೆ ತಕ್ಕಂತೆ ಬರೆಸಬಹುದು, ರಾಜ್ಯದ ಉದ್ದಗಲಕ್ಕೂ ಕೇಂದ್ರ ತೆರೆಯಬಹುದು. ಬ್ಲಾಕು, ಘಟಕ ಎಂದು ವಿಂಗಡಿಸಿದ ಆ ಪುಸ್ತಕಗಳನ್ನು ನಾನೂ ನೋಡಿದ್ದೇನೆ. ಕೆಲವು ಘಟಕಗಳ ಕನ್ನಡ ಎಷ್ಟು ತಿಳಿಯಾಗಿದೆಯೆಂದರೆ ತರಗತಿಯ ಮಕ್ಕಳೇ ಪರೀಕ್ಷೆಯ ಹಿಂದಿನ ವಾರ ಅದನ್ನು ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ. ತರಗತಿಗೆ ಹೋಗುವವರು ತರಗತಿಯಿಲ್ಲದವರ ಪುಸ್ತಕ ಓದುವುದು! ಅವರನ್ನು ಯಾರೂ ರೆಗ್ಯುಲರಾ ಎಂದು ಕೇಳುವುದಿಲ್ಲ.

*

ಮೈಸೂರು ವಿ.ವಿ. ಮಕ್ಕಳನ್ನು ಬೇರೆ ಮನೆ ಮಾಡಿ ಕಳಿಸಿದ್ದು ಇದೇ ಮೊದಲಲ್ಲ. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿ.ವಿ. ನಮ್ಮ ಕೊಣಾಜೆಯ ಮಂಗಳೂರು ವಿ.ವಿ. 1968ರಲ್ಲಿ ಮೈಸೂರಿನ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿ, 1980ರ ಸೆಪ್ಟೆಂಬರಿನಲ್ಲಿ ಸ್ವತಂತ್ರವಾಯಿತು. ಕುವೆಂಪು ಕುಲಪತಿಯಾಗಿದ್ದಾಗ ಮೈಸೂರಿನ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಅದರ ಜಾಡಿನಲ್ಲಿ ಕೊಣಾಜೆ ಮಂಗಳಗಂಗೋತ್ರಿ, ಅಂಚೆಯ ಸಂಸ್ಥೆ ಮುಕ್ತಗಂಗೋತ್ರಿ.

1980ರಲ್ಲಿ ಮಂಗಳೂರಿನ ಪದವಿ ಮೈಸೂರಿನ ಪದವಿಗೆ ಸಮವೇ ಎಂದು ಯಾರೂ ಕೇಳಿದ್ದು ನೆನಪಿಲ್ಲ. ಕರಾವಳಿಗೆ ತನ್ನದೇ ವಿ.ವಿ. ಬಂತೆಂದು ಊರೆಲ್ಲ ಹಿಗ್ಗಿತ್ತು. ತಾಯಿ ಒಬ್ಬಳೇ, ಹುಟ್ಟಿದ ಬಗೆಯೂ ಹೆಚ್ಚುಕಡಿಮೆ ಒಂದೇ, ಇವನಿಗೊಂದು ಮರ್ಯಾದೆ ಅವನಿಗೊಂದು ಮರ್ಯಾದೆ. ಕೊಣಾಜೆಯಲ್ಲಿ ಗುಡ್ಡ, ಕಟ್ಟಡ, ಹಾಸ್ಟೆಲ್ ಕಣ್ಣಿಗೆ ಕಾಣುತ್ತವೆ. ಮುಕ್ತ ವಿ.ವಿ. ನಮ್ಮ ಕಡೆಯವರಿಗೆ ಕಂಡದ್ದು ಭಾನುವಾರ ಬಾಡಿಗೆಗೆ ಪಡೆದ ಯಾವುದೋ ಕಾಲೇಜಿನ ಎರಡು ಕೋಣೆಗಳಲ್ಲಿ. ಸಂಪರ್ಕ ತರಗತಿ ಮುಗಿಯಿತೋ, ಸೋಮವಾರ ಆ ಕೋಣೆ ಮತ್ತೆ ಮೂಲ ಕಾಲೇಜಿನದ್ದು. ಈಗ ಉಡುಪಿಯಲ್ಲಿ, ಮಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರಗಳುಂಟು. ತುಳು ಜಾನಪದದ ದೊಡ್ಡ ವಿದ್ವಾಂಸರಾದ ಬಿ.ಎ. ವಿವೇಕ ರೈ ಹಂಪಿಯ ಕನ್ನಡ ವಿ.ವಿ.ಯ ಬಳಿಕ ಇದರ ಕುಲಪತಿಯಾದರು. ಆಗ ನಮ್ಮವರಿಗೆ ಅದರ ಮೇಲೆ ಸ್ವಲ್ಪ ಹತ್ತಿರದ ಭಾವ ಬಂದದ್ದು ಹೌದು.

*

ದಕ್ಷಿಣದ ಬಸ್ಸು: ಹೆಜಮಾಡಿ, ಮೂಲ್ಕಿ ದಾಟಿ ಸುರತ್ಕಲ್. ಯು. ಶ್ರೀನಿವಾಸ ಮಲ್ಯರು ಹಠ ಹಿಡಿದು ತಂದ ಕರ್ನಾಟಕ ರೀಜನಲ್ ಇಂಜಿನಿಯರಿಂಗ್ ಕಾಲೇಜು 1960ರದು. 2002ರಲ್ಲಿ ಎನ್‌ಐಟಿಕೆ ಆಯಿತು. ಹಳಬರ ಬಾಯಲ್ಲಿ ಇನ್ನೂ ಕೆಆರ್‌ಇಸಿ. ಹೊಸ ಹೆಸರು ಜನರ ನಾಲಿಗೆಗೆ ಹತ್ತಿದ್ದು ಅದರ ಪಕ್ಕದ ಟೋಲ್‌ಗೇಟಿನ ದೆಸೆಯಿಂದ ಎಂದು ನನ್ನ ಅಂದಾಜು. ಅದನ್ನು ತೆಗೆಸಲು ವರ್ಷಗಟ್ಟಲೆ ಹೋರಾಟ ನಡೆದು 2022ರ ಡಿಸೆಂಬರಿನಲ್ಲಿ ಗೇಟು ಎದ್ದಿತು. ಹೆಸರು ಉಳಿಯಿತು.

*

ಉತ್ತರದ ಬಸ್ಸು ಉಡುಪಿಗೆ, ಅಲ್ಲಿಂದ ಮಣಿಪಾಲಕ್ಕೆ. ಹೆಸರಿನ ಆಟವನ್ನು ಪೂರ್ತಿ ನೋಡಬೇಕಾದರೆ ಮಣಿಪಾಲ ನೋಡಬೇಕು. 1953ರಲ್ಲಿ ಟಿ.ಎಂ.ಎ. ಪೈಗಳು ವೈದ್ಯಕೀಯ ಕಾಲೇಜು ತೆರೆದರು. 1993ರಲ್ಲಿ ಕೇಂದ್ರ ಸರಕಾರ ಮಣಿಪಾಲ ಅಕಾಡೆಮಿ ಆಫ್ ಹೈಯರ್ ಎಜುಕೇಶನ್ ಎಂಬ ಹೆಸರಿನಡಿ ಡೀಮ್ಡ್ ವಿ.ವಿ. ಸ್ಥಾನ ಕೊಟ್ಟಿತು, ಜನ ಮಾಹೆ ಎಂದರು. 2007ರಲ್ಲಿ ಅದು ಮಣಿಪಾಲ ಯೂನಿವರ್ಸಿಟಿಯಾಯಿತು. ಬೋರ್ಡು, ಲೆಟರ್‌ಹೆಡ್ಡು, ಬಸ್ಸಿನ ಬದಿಯ ಬಣ್ಣ ಎಲ್ಲ ಹೊಸತು. ಹತ್ತು ವರ್ಷ ಕಳೆದು ನೋಡಿದರೆ ಮತ್ತೆ ಮಾಹೆ.

ನಡುವೆ ಆದದ್ದು ಇಷ್ಟು. ಎಲ್ಲೋ ಉತ್ತರದ, ತಮಿಳುನಾಡಿನ ನಾಲ್ಕು ಡೀಮ್ಡ್ ಸಂಸ್ಥೆಗಳು ದೂರಶಿಕ್ಷಣದಲ್ಲಿ ಇಂಜಿನಿಯರಿಂಗ್ ಪದವಿ ಹಂಚಿದ್ದವು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2017ರ ನವೆಂಬರ್ 3ರ ತೀರ್ಪಿನಲ್ಲಿ ನ್ಯಾಯಾಲಯ ಆ ಪದವಿಗಳ ಮೇಲೆ ಗದಾಪ್ರಹಾರ ಮಾಡಿದ್ದಲ್ಲದೆ, ಡೀಮ್ಡ್ ಸಂಸ್ಥೆಗಳು ಯೂನಿವರ್ಸಿಟಿ ಎಂದು ಬರೆದುಕೊಳ್ಳುವುದನ್ನೂ ನಿಲ್ಲಿಸಿ ಎಂದಿತು. ವಾರದೊಳಗೆ ಯುಜಿಸಿಯ ಪತ್ರ 123 ಸಂಸ್ಥೆಗಳಿಗೆ ಹೋಯಿತು. 1956ರ ಯುಜಿಸಿ ಕಾಯಿದೆಯ 22ನೇ ಕಲಮು ಪದವಿ ಕೊಡುವ ಅಧಿಕಾರದ್ದು, 23ನೇ ಕಲಮು ಯೂನಿವರ್ಸಿಟಿ ಎಂದು ಕರೆದುಕೊಳ್ಳುವ ಹಕ್ಕಿನದ್ದು. ಡೀಮ್ಡ್ ಸಂಸ್ಥೆಗೆ ಮೊದಲನೆಯದು ಉಂಟು, ಎರಡನೆಯದು ಇಲ್ಲ. ಪದವಿ ಕೊಡಬಹುದು, ಪದ ಬಳಸುವಂತಿಲ್ಲ. ಯಾರೋ ಅಂಚೆಯಲ್ಲಿ ಇಂಜಿನಿಯರುಗಳನ್ನು ತಯಾರಿಸಿದ್ದಕ್ಕೆ ಮಣಿಪಾಲದ ಬೋರ್ಡಿಗೆ ಮತ್ತೆ ಬಣ್ಣ.

ಪಾಠ ಬದಲಾಯಿತೇ? ಕೇಳಿದವರೆಲ್ಲ ಇಲ್ಲ ಎಂದರು. ಶುಲ್ಕ ಇಳಿಯಿತೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. 2018ರ ಜುಲೈಯಲ್ಲಿ ಕೇಂದ್ರ ಸರಕಾರ ಶ್ರೇಷ್ಠತೆಯ ಸಂಸ್ಥೆಗಳ ಪಟ್ಟಿ ಮಾಡಿದಾಗ ಮಣಿಪಾಲವೂ ಇತ್ತು. ಅದೇ ಪಟ್ಟಿಯಲ್ಲಿ ಇನ್ನೂ ಕಟ್ಟಡವೇ ಏಳದ ಜಿಯೋ ಸಂಸ್ಥೆಯೂ ಇತ್ತು. ಹುಟ್ಟುವ ಮೊದಲೇ ಬಿರುದು ಪಡೆಯುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ ಮಾರಾಯ್ರೆ.

*

ಪೂರ್ವದ ಬಸ್ಸು: ನಂದಿಕೂರು, ಬೆಳ್ಮಣ್ಣು, ನಿಟ್ಟೆ, ಕಾರ್ಕಳ. ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಸುಪ್ರೀಂ ಕೋರ್ಟಿನ ಪೀಠ, ಲೋಕಸಭೆಯ ಸ್ಪೀಕರ್ ಕುರ್ಚಿ ಎರಡನ್ನೂ ಕಂಡವರು. 1979ರಲ್ಲಿ ನಿಟ್ಟೆಯ ಶಿಕ್ಷಣ ಟ್ರಸ್ಟ್ ಕಟ್ಟಿದರು. ಇಂಜಿನಿಯರಿಂಗ್ ಕಾಲೇಜು ಬಂದದ್ದು 1986ರಲ್ಲಿ. ಡೀಮ್ಡ್ ಸ್ಥಾನ ಸಿಕ್ಕ ಮೇಲೆ ನಿಟ್ಟೆ ಯೂನಿವರ್ಸಿಟಿ ಎಂಬ ಬೋರ್ಡು ನಿಂತಿತ್ತು. 2017ರ ಪತ್ರದ ಬಳಿಕ ಆವರಣ ಚಿಹ್ನೆಯೊಳಗೆ ಡೀಮ್ಡ್ ಟು ಬಿ ಯೂನಿವರ್ಸಿಟಿ ಎಂಬುದು ಬಂದು ಕುಳಿತಿತು. ಇಂಗ್ಲಿಷಿನ ಆ ನಾಲ್ಕು ಶಬ್ದಗಳನ್ನು ಕಂಡಕ್ಟರ್ ಯಾರೂ ಕೂಗುವುದಿಲ್ಲ. ನಿಟ್ಟೆ, ನಿಟ್ಟೆ, ಅಷ್ಟೇ.

*

ಜಂಕ್ಷನ್ನಿನ ಜೆರಾಕ್ಸ್ ಅಂಗಡಿಯವರೊಡನೆ ಮಾತು.

"ಅಲ್ಲ ಭಟ್ರೆ, ಕಾಲೇಜು ಯೂನಿವರ್ಸಿಟಿ ಆದ್ರೆ ನಿಮಗೆ ಎಂಥ ಅನ್ನಿಸ್ತದೆ?"

"ನಂಗೆ ಎಂಥ ಅನ್ನಿಸ್ಲಿಕ್ಕುಂಟು? ಒಂದು ಸರ್ಟಿಫಿಕೇಟಿನ ಜೊತೆ ಈಗ ಮೂರು ಕಾಗದ ಜೆರಾಕ್ಸ್. ಹಳೆ ಹೆಸರಿನದ್ದು, ಹೊಸ ಹೆಸರಿನದ್ದು, ಎರಡೂ ಒಂದೇ ಅಂತ ಹೇಳುವ ಆದೇಶದ್ದು."

ಇಷ್ಟು ಸ್ಪಷ್ಟವಾಗಿ ಲಾಭದ ಲೆಕ್ಕ ಹೇಳಿದವರು ಈ ವಿಷಯದಲ್ಲಿ ನನಗೆ ಬೇರೆ ಸಿಕ್ಕಿಲ್ಲ.

*

ಮೈಸೂರಿನ ಮುಕ್ತ ವಿ.ವಿ.ಯ ಧ್ಯೇಯವಾಕ್ಯ ಉನ್ನತ ಶಿಕ್ಷಣ ಎಲ್ಲರಿಗೂ, ಎಲ್ಲೆಡೆ ಎನ್ನುತ್ತದೆ. ಅದಕ್ಕೆ ಸಂಕಟ ಬಂದದ್ದು ಎರಡನೆಯ ಅರ್ಧದಿಂದ.

ಅಂಚೆಗೆ ಗಡಿಯಿಲ್ಲ. ಮುಕ್ತ ವಿ.ವಿ. ಖಾಸಗಿ ಸಂಸ್ಥೆಗಳ ಜತೆ ಒಪ್ಪಂದ ಮಾಡಿಕೊಂಡು ಕರ್ನಾಟಕದ ಹೊರಗೂ ಕೇಂದ್ರಗಳನ್ನು ಹರಡಿತು. ತಾಂತ್ರಿಕ ಕೋರ್ಸುಗಳೂ ಆ ಸಂಸ್ಥೆಗಳ ಮೂಲಕ ನಡೆದವು. ರಾಜ್ಯದ ಕಾಯಿದೆಯಿಂದ ಹುಟ್ಟಿದ ವಿ.ವಿ.ಗೆ ರಾಜ್ಯದ ಗಡಿಯೇ ಗಡಿ ಎಂದು ಯುಜಿಸಿ ಹೇಳುತ್ತ ಬಂತು. 2015ರ ಜೂನ್ 16ರಂದು ಬಂದ ಪ್ರಕಟಣೆ, 2013-14ರಿಂದ ಇದರ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಎಂದಿತು. ಗಮನಿಸಿ, ಪ್ರಕಟಣೆ 2015ರದು, ಮಾನ್ಯತೆ ಹೋದದ್ದು 2013ರಿಂದ. ಅಷ್ಟರಲ್ಲಿ ಸೇರಿ, ಶುಲ್ಕ ಕಟ್ಟಿ, ಪರೀಕ್ಷೆ ಬರೆದವರು ಹಿಂದಕ್ಕೆ ನಡೆದು ಸೇರದೇ ಇರಲು ಬರುತ್ತದೆಯೇ? ಅವರು ಕೋರ್ಟು ಮೆಟ್ಟಿಲು ಹತ್ತಿದರು. ಹೊಸ ಪ್ರವೇಶ ನಿಂತಿತು. ಮತ್ತೆ ಮಾನ್ಯತೆ ಬಂದದ್ದು 2018-19ಕ್ಕೆ.

ಸ್ವತಂತ್ರ ವಿ.ವಿ. ಆಗುವುದೆಂದರೆ ಏನು ಎಂಬ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ನಿಚ್ಚಳವಾದ ಉತ್ತರ ಈ ಐದು ವರ್ಷಗಳು. ಮೈಸೂರಿನ ಹಿತ್ತಲ ಕೋಣೆಯಾಗಿದ್ದಾಗ ಸಂಸ್ಥೆ ತಪ್ಪು ಮಾಡಿದ್ದರೂ ಅದರ ವಿದ್ಯಾರ್ಥಿಯ ತಲೆಯ ಮೇಲೆ 1916ರ ಮಾಡು ಇರುತ್ತಿತ್ತು. ಬೇರೆ ಮನೆ ಮಾಡಿದ ಮೇಲೆ ಮಾಡು ಸೋರಿದರೆ ಕೆಳಗೆ ಮಲಗಿದವನೇ ಒದ್ದೆ. ಇಲ್ಲಿ ಮಲಗಿದವರು ಯಾರು? ಬಡ್ತಿಗಾಗಿ ಬಿ.ಎ. ಕಟ್ಟಿದ ಶಾಲಾ ಮೇಷ್ಟ್ರು, ಪೊಲೀಸ್ ಪೇದೆ, ಮಗುವನ್ನು ಮಲಗಿಸಿ ರಾತ್ರಿ ಹನ್ನೊಂದಕ್ಕೆ ಘಟಕ ಮೂರು ತೆರೆದ ತಾಯಿ. ಒಪ್ಪಂದಕ್ಕೆ ಸಹಿ ಹಾಕಿದವರು ಇವರಲ್ಲಿ ಒಬ್ಬರೂ ಅಲ್ಲ. ಈ ವಿಷಯದಲ್ಲಿ ನನಗೆ ಗೊಂದಲವಿಲ್ಲ, ಸಿಟ್ಟೇ ಇದೆ.

*

ಇನ್ನೊಂದು ಅರ್ಥವಾಗದ್ದು. ಈಗಿನ ನಿಯಮದಂತೆ ಮುಕ್ತ ವಿ.ವಿ.ಯ ಬಿ.ಎ.ಗೆ ಸೇರಲೂ ಪಿಯುಸಿ ಅಥವಾ ಅದಕ್ಕೆ ಸಮನಾದ್ದು ಬೇಕು. ಕಾಪುವಿನ ಸರಕಾರಿ ಪ್ರಥಮ ದರ್ಜೆ ಕಾಲೇಜಿಗೂ ಬೇಕಾದ್ದು ಅದೇ. ಹಾಗಾದರೆ ತೆರೆದಿರುವುದು ಯಾವ ಬಾಗಿಲು? ವಯಸ್ಸಿನದ್ದು, ಹಾಜರಿಯದ್ದು. ಅದೂ ಸಣ್ಣದಲ್ಲ. ಬೆಳಿಗ್ಗೆ ಮೀನು ಹೊತ್ತು ಮಾರುವವಳಿಗೆ ಎಪ್ಪತ್ತೈದು ಶೇಕಡಾ ಹಾಜರಿ ಯಾವ ಕಾಲೇಜು ಕೊಟ್ಟೀತು?

ನಮ್ಮೂರಿನವರಿಗೆ ಇಂಥ ಬಾಗಿಲು ಹೊಸತಲ್ಲ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದ, ಬಂದರಿನಲ್ಲಿ ದುಡಿದ ಕರಾವಳಿಯ ಹುಡುಗರು ರಾತ್ರಿ ಅಂಥ ಸಂಘಗಳ ಶಾಲೆಗಳಲ್ಲಿ ಕನ್ನಡದಲ್ಲಿ ಓದಿದರು. ಅಲ್ಲಿ ಓದಿ ಬ್ಯಾಂಕು ಸೇರಿದವರು, ವಕೀಲರಾದವರು, ಹೋಟೆಲ್ ಮಾಲಕರಾದವರು ಪಡುಬಿದ್ರಿಯಿಂದ ಬೈಂದೂರಿನ ತನಕ ಪ್ರತಿ ಊರಲ್ಲೂ ಸಿಗುತ್ತಾರೆ. ಊರಿಗೆ ಬಂದಾಗ ಅವರು ಹೇಳುವುದು ನೈಟ್ ಸ್ಕೂಲ್ ಎಂದು, ಎದೆ ಉಬ್ಬಿಸಿ. ಅದರ ಹೆಸರು ಬದಲಿಸಬೇಕೆಂದು ಯಾರಿಗೂ ಹೊಳೆದಂತಿಲ್ಲ. ಕರೆಸ್ಪಾಂಡೆನ್ಸಿನಲ್ಲಿ ಓದಿದವರು ಮಾತ್ರ ಯಾಕೆ ದನಿ ತಗ್ಗಿಸಿ ಹೇಳುತ್ತಾರೆ? ರಾತ್ರಿ ಶಾಲೆಯಲ್ಲಿ ಮೇಷ್ಟ್ರ ಮುಖ ನೋಡಿದ್ದರು, ಪಕ್ಕದವನ ಹೆಗಲಿತ್ತು ಎಂದಿರಬಹುದೇ?

*

ಈಚಿನ ಕೆಲವು ವರ್ಷಗಳಲ್ಲಿ ಕಾಲೇಜನ್ನು ವಿ.ವಿ. ಮಾಡುವುದು ರಾಜ್ಯಕ್ಕೇ ಹತ್ತಿದ ಹುಮ್ಮಸ್ಸಾಗಿದೆ. ಮಂಡ್ಯದ ಸರಕಾರಿ ಕಾಲೇಜು 2019ರಲ್ಲಿ ಮಂಡ್ಯ ವಿ.ವಿ. ಬೆಂಗಳೂರಿನ ಸರಕಾರಿ ವಿಜ್ಞಾನ ಕಾಲೇಜು ಅದು ನಿಂತ ರಸ್ತೆಯ ಹೆಸರನ್ನೇ ಪಡೆದು ನೃಪತುಂಗ ವಿ.ವಿ. ಮಹಾರಾಣಿ ಕಾಲೇಜುಗಳು ಸೇರಿ ಕ್ಲಸ್ಟರ್ ವಿ.ವಿ. ಇದರ ಹಿಂದೆ ಹಣದ ಸೆಳೆತವೂ ಇತ್ತು: ಕೇಂದ್ರದ ರೂಸಾ ಯೋಜನೆಯಲ್ಲಿ ಸ್ವಾಯತ್ತ ಕಾಲೇಜನ್ನು ವಿ.ವಿ. ಮಟ್ಟಕ್ಕೆ ಏರಿಸಿದರೆ 55 ಕೋಟಿ ರೂಪಾಯಿ. ಕಾಲೇಜಾಗಿಯೇ ಉಳಿದು ಪ್ರಯೋಗಾಲಯ ರಿಪೇರಿ ಮಾಡಿಸಿಕೊಳ್ಳುತ್ತೇನೆ ಎಂದವನಿಗೆ ಅಷ್ಟು ಯಾರು ಕೊಡುತ್ತಾರೆ?

2023ರಲ್ಲಿ ಒಟ್ಟಿಗೆ ಏಳು ಹೊಸ ವಿ.ವಿ.ಗಳು ಬಂದವು: ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಚಾಮರಾಜನಗರ, ಕೊಡಗು. ಇವಕ್ಕೆ ತಲಾ 2 ಕೋಟಿ. ಹೆಚ್ಚಿನವು ಹಳೆಯ ವಿ.ವಿ.ಗಳ ಸ್ನಾತಕೋತ್ತರ ಕೇಂದ್ರಗಳು. ಕೊಡಗಿನದು ನಮ್ಮ ಮಂಗಳೂರು ವಿ.ವಿ.ಗೆ ಸೇರಿದ್ದ ಚಿಕ್ಕ ಅಳುವಾರದ ಕೇಂದ್ರ. ಮೈಸೂರಿನ ಕೇಂದ್ರವಾಗಿ ಹುಟ್ಟಿದ ಮಂಗಳೂರು, ತನ್ನ ಕೇಂದ್ರವನ್ನೂ ಹಾಗೆಯೇ ಬೇರೆ ಮಾಡಿ ಕಳಿಸಿತು. ಎರಡೇ ವರ್ಷ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ, ಮೊದಲಿನ ಮೂರೂ ಸೇರಿ ಹೊಸ ಹತ್ತರಲ್ಲಿ ಒಂಬತ್ತನ್ನು ಮುಚ್ಚಿ ಮೂಲ ವಿ.ವಿ.ಗಳಿಗೇ ಸೇರಿಸಬಹುದು ಎಂದಿತು. ಹಣವಿಲ್ಲ, ಜಾಗವಿಲ್ಲ, ಅಧ್ಯಾಪಕರಿಲ್ಲ ಎಂಬ ಕಾರಣ. ಆಯಾ ಜಿಲ್ಲೆಗಳಲ್ಲಿ ಪ್ರತಿಭಟನೆಯೂ ನಡೆಯಿತು, ನಮ್ಮ ಜಿಲ್ಲೆಯ ವಿ.ವಿ. ಕಸಿಯಬೇಡಿ ಎಂದು. ಕಾಲೇಜಾಗಿದ್ದಾಗ ಅದರ ಮಾಡಿನ ಹಂಚು ಹಾರಿದರೂ ಯಾರೂ ಬೀದಿಗಿಳಿದಿರಲಿಲ್ಲ. ಹೆಸರಿಗೆ ಇಷ್ಟಾದರೂ ಶಕ್ತಿಯಿದೆ ಎಂದು ಒಪ್ಪಿಕೊಂಡೆ.

*

ಭಟ್ಟರ ಅಂಗಡಿಗೆ ಇನ್ನು ಹದಿನೈದು ವರ್ಷ ಕಳೆದು ಒಬ್ಬ ಬರಬಹುದು. ಆ ಎರಡು ವರ್ಷಗಳಲ್ಲಿ ಚಿಕ್ಕ ಅಳುವಾರದಲ್ಲಿ ಎಂ.ಎ. ಮುಗಿಸಿದವನು, ಅಷ್ಟರಲ್ಲಿ ದುಬೈಯಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿರುವವನು. ಅಂಕಪಟ್ಟಿ ಕಳೆದಿದೆ, ನಕಲು ಪ್ರತಿ ಬೇಕು. ಅರ್ಜಿಯ ಮೇಲೆ ವಿಳಾಸ ಏನೆಂದು ಬರೆಯಬೇಕು, ಕೊಡಗು ವಿ.ವಿ.ಯ ಕುಲಸಚಿವರಿಗೋ, ಕೊಣಾಜೆಯ ಕುಲಸಚಿವರಿಗೋ? ಕೊಡಗಿನದು ಉಳಿದೇ ಇದ್ದರೆ ಪ್ರಶ್ನೆಯಿಲ್ಲ. ಮುಚ್ಚಿದರೆ, ಮುಚ್ಚಿದವರು ಈ ವಿಳಾಸವನ್ನೂ ಒಂದು ಆದೇಶದಲ್ಲಿ ಬರೆದಿಡಲಿ. ಆದೇಶದ ಪ್ರತಿ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಲು ನಾನು ಈಗಲೇ ಹೇಳಿಟ್ಟಿದ್ದೇನೆ.